ನಾಲ್ಕನೆಯ ಫೈಲು

ಈಜುವ ವಿದ್ಯೆ ಹಾಕಿಸಿಕೊಳ್ಳಬೇಕೆಂದರೆ ಪಾರವ್ವನ ತಲೆಯಲ್ಲಿ ಜಾಗವೇ ಉಳಿದಿರಲಿಲ್ಲ. ಗಂಡ ಫಕ್ಕೀರಪ್ಪನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ತಲೆಗೆ ವಿದ್ಯೆ ತುಂಬುವ ಗದುಗಿನ ಅಂಗಡಿಗೆ ಬಂದಳು.

"ಕಲಿತ ವಿದ್ಯಾ ಎಲ್ಲಿಗೂ ಹೋಗೂದಿಲ್ರಿ ಅಕ್ಕಾರ. ಅದನ್ನ ಕೂಡಿಸಾಕ ಬಂದಿದ್ದ ಇನ್‌ಸ್ಟಾಲರ್ ಫೈಲ್ ಅಷ್ಟ ತಲಿಯಿಂದ ತಗದು ಈ ಡಬ್ಬಿಗೆ ಹಾಕ್ತೀನಿ, ಜಾಗಾ ಆಕ್ಕತಿ," ಎಂದ ಅಂಗಡಿಯ ಇರ್ಫಾನ್.

ಪಾರವ್ವ ಬದನೆಕಾಯಿಯನ್ನೂ ಎರಡು ಸಲ ತೂಗಿಸುವವಳು. "ಒಂದೊಂದ ಹೆಸರು ಓದಿ ಹಾಕ್ರಿ," ಎಂದಳು.

"ಹೊಲಿಗಿ. ಸ್ಕೂಟರ್. ಹಿಂದಿ." ಇರ್ಫಾನ್ ತಡವರಿಸಿದ. "ಗಂಡನ ಮ್ಯಾಲಿನ ನಂಬಿಕಿ. ಹಾಕಿಸಿದ್ದು ಮದವಿ ಅರಿಷಿಣ ಹಚ್ಚಿದ ದಿನ ಅಂತ ಬರದೈತಿ."

ಫಕ್ಕೀರಪ್ಪ ಗೋಡೆಯ ಕ್ಯಾಲೆಂಡರ್ ನೋಡತೊಡಗಿದ.

"ಯಾರು ಹಾಕಿಸಿದ್ರು?" ಎಂದು ಪಾರವ್ವ ಅವನನ್ನೇ ಕೇಳಿದಳು.

"ನನಗೇನ ಗೊತ್ತು, ಪಾರೂ?"

ಪಾರವ್ವ ಅವನ ಮುಖವನ್ನೇ ದಿಟ್ಟಿಸಿದಳು. ಎಷ್ಟು ಹೆಣಗಿದರೂ ಅನುಮಾನ ಹುಟ್ಟಲಿಲ್ಲ. ಪಾಪ, ನಿಜವನ್ನೇ ಹೇಳುತ್ತಿದ್ದಾನೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೇ ಅವಳ ಕೈಕಾಲು ತಣ್ಣಗಾದವು.