ಆರನೆಯ ಬೆರಳು ಯಾರ ಕಡೆಯದು?

ಈ ಕಥೆ ಓದಿ ಮುಗಿಸುವಷ್ಟರಲ್ಲಿ ನೀವೂ ಒಮ್ಮೆ ನಿಮ್ಮ ಕೈ ನೋಡಿಕೊಳ್ಳುತ್ತೀರಿ...

ಕೊಳ್ಳೇಗಾಲದ ಒಂದು ನೇಕಾರರ ಮನೆ. ಅಂದು ಹೆಣ್ಣು ಮಗುವಿನ ನಾಮಕರಣ. ಮಗ್ಗಗಳ ಸದ್ದು ನಿಲ್ಲಿಸಿ, ಪಕ್ಕದ ಹಜಾರದಲ್ಲಿ ತೊಟ್ಟಿಲು ಕಟ್ಟಿದ್ದರು.

ಬಾಣಂತಿ ಹೇಮಲತಾ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ತರಗತಿಯಲ್ಲಿ ಅವಳ ದನಿ ಕೊನೆಯ ಬೆಂಚಿಗೂ ಕೇಳಿಸುತ್ತದೆ... ಅತ್ತೆಯ ಮುಂದೆ ಮಾತ್ರ ಗಂಟಲು ದಾಟಿ ಬರುವುದಿಲ್ಲ.

ಅತ್ತೆ ಸರ್ವಮಂಗಳಮ್ಮ ಕೆಟ್ಟವರಲ್ಲ. ಸೊಸೆಗೆ ಮೆಣಸಿನ ಸಾರು ಕಾಯಿಸಿ, ಬಿಸಿ ಆರುವ ಮೊದಲೇ ಕುಡಿಸುತ್ತಿದ್ದವರು ಅವರೇ.

ಆದರೆ ಮಗುವಿನ ಎಡಗೈಯ ಕಿರುಬೆರಳಿನ ಪಕ್ಕದಲ್ಲಿ, ಅವರೆಕಾಳಿನಷ್ಟು ಪುಟ್ಟದೊಂದು ಆರನೆಯ ಬೆರಳಿತ್ತು...

ಡಾಕ್ಟರು "ಏನೂ ತೊಂದರೆ ಇಲ್ಲ, ಕುಟುಂಬದಲ್ಲಿ ಯಾರಿಗಾದರೂ ಇರುತ್ತೆ" ಎಂದು ನಕ್ಕು ಹೋಗಿದ್ದರು.

"ನಮ್ ಕಡೆ ಯಾರಿಗೂ ಇಲ್ಲಪ್ಪ" ಎಂದರು ಸರ್ವಮಂಗಳಮ್ಮ. ಉಳಿದದ್ದನ್ನು ಅವರು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಹೇಮಾ ತನ್ನ ತಾಯಿಗೆ ಫೋನ್ ಮಾಡಿ ಕೇಳಿದಳು. ಅಲ್ಲೂ ಯಾರಿಗೂ ಇರಲಿಲ್ಲ. "ಗ್ರಹಣದ ದಿನ ಏನಾದ್ರೂ ಕತ್ತರಿಸಿದ್ಯೇನೆ?" ಎಂದು ತಾಯಿಯೇ ಪಿಸುಗುಟ್ಟಿದಾಗ ಅವಳ ಕಣ್ಣು ತುಂಬಿತು.

ನಾಮಕರಣದ ಬೆಳಿಗ್ಗೆ ಅತ್ತೆ ಮಗುವಿನ ಎರಡೂ ಕೈಗಳಿಗೆ ಗ್ಲೌಸು ತೊಡಿಸಿದರು. "ಬಂದವರ ಬಾಯಿಗೆ ಯಾಕೆ ಬೀಳಬೇಕು... ಇರಲಿ ಬಿಡು."

ಹೇಮಾ ಗ್ಲೌಸಿನ ಮೇಲಿಂದಲೇ ಆ ಬೆರಳನ್ನು ಸವರಿದಳು. ಇವತ್ತು ಗ್ಲೌಸು... ನಾಳೆ ಸ್ಕೂಲಿನಲ್ಲಿ ಈ ಕೈ ಬೆಂಚಿನ ಕೆಳಗೆ ಬಚ್ಚಿಟ್ಟುಕೊಳ್ಳುತ್ತದಲ್ಲ, ಎಂದುಕೊಂಡಳು.

ತೊಟ್ಟಿಲ ಸುತ್ತ ಹೆಂಗಸರು ಸೇರಿದರು. ಎಲ್ಲ ಮನೆಗಳಲ್ಲೂ ಆಗುವಂತೆ ಮಗುವನ್ನು ಹಂಚಿಕೊಳ್ಳುವುದು ಶುರುವಾಯಿತು!

"ಮೂಗು ಅಪ್ಪಂದು, ನಮ್ ಧರಣೇಶಂದೇ!"

"ಕಿವಿ ನೋಡ್ರೀ, ಹೇಮನ ಅಪ್ಪಂದು. ಥೇಟ್ ಬೀಸಣಿಗೆ!"

"ಅಳು ಮಾತ್ರ ಮಂಗಳಕ್ಕಂದು ಬಿಡ್ರಿ, ಬೀದಿ ಕೊನೇಗೂ ಕೇಳ್ಸುತ್ತೆ!"

ಎಲ್ಲರೂ ನಕ್ಕರು. ಅತ್ತೆಯೂ ನಕ್ಕರು. ಆದರೆ ಅವರ ಕಣ್ಣು ಮಾತ್ರ ಗ್ಲೌಸಿನ ಮೇಲೇ ಇತ್ತು...

ಅಷ್ಟರಲ್ಲಿ ಸರ್ವಮಂಗಳಮ್ಮನ ತಾಯಿ ಪುಟ್ಟಚೌಡಮ್ಮ ಬಂದರು. ಹಲ್ಲಿಲ್ಲ, ಬೆನ್ನು ಬಾಗಿದೆ, ದನಿ ಮಾತ್ರ ಗಟ್ಟಿ.

"ಯಾಕ್ರವ್ವಾ, ಈ ಸೆಕೆಲಿ ಕೂಸಿನ ಕೈಗೆ ಚೀಲ ಕಟ್ಟಿದ್ದೀರಿ?"

"ಬೇಡ ಕಣವ್ವಾ, ಉಗುರು ಪರಚ್ಕೊಳ್ತಾಳೆ..." ಎಂದು ಮಗಳು ಓಡಿಬರುವಷ್ಟರಲ್ಲಿ ಅಜ್ಜಿ ಎಡಗೈಯ ಗ್ಲೌಸನ್ನು ಎಳೆದಾಗಿತ್ತು.

ಹೆಂಗಸರೆಲ್ಲ ಬಗ್ಗಿ ನೋಡಿದರು.

ಅಜ್ಜಿ ಆ ಪುಟ್ಟ ಬೆರಳನ್ನೇ ನೋಡಿದರು... ನೋಡುತ್ತ ನೋಡುತ್ತ ಮುಖವೆಲ್ಲ ಅರಳಿತು.

"ಅಯ್ಯೋ, ಬಂದ್ಯಾ ನೀನು? ಇಷ್ಟು ವರ್ಷ ಎಲ್ಲೋಗಿದ್ದೆ!"

ಬೆರಳನ್ನೇ ಮಾತಾಡಿಸಿದ್ದು! ಯಾರಿಗೂ ಅರ್ಥವಾಗಲಿಲ್ಲ.

"ಮಂಗಳಾ, ನಿನ್ ಎಡಗೈ ತಾ ಇಲ್ಲಿ." ಮಗಳ ಕಿರುಬೆರಳಿನ ಪಕ್ಕದಲ್ಲಿದ್ದ ಸಣ್ಣ ಗುಳ್ಳೆಯಂಥ ಗುರುತನ್ನು ಅಜ್ಜಿ ಸವರಿದರು. "ಇದೇನು ಗೊತ್ತಾ?"

"ನರುಲಿ ಅಲ್ವಾ? ನೀನೇ ಹೇಳಿದ್ದಲ್ಲವ್ವ?"

"ನರುಲಿಯಂತೆ ನರುಲಿ! ನಿಂಗೂ ಆರು ಬೆರಳಿತ್ತು ಕಣೆ. ನೀನು ಹುಟ್ಟೋಕ್ ಮುಂಚೆನೇ ಹೋದ್ರಲ್ಲ, ನನ್ನತ್ತೆಗೂ ಇತ್ತು. ಹೆಣ್ಣುಕೂಸು, ನಾಳೆ ನೋಡಕ್ಕೆ ಬಂದೋರು ಏನಂದಾರು ಅಂತ ಹೆದರ್ಕಂಡು, ಮಗ್ಗದಿಂದ ಒಂದೆಳೆ ರೇಷ್ಮೆ ತಂದು ಬಿಗಿಯಾಗಿ ಕಟ್ಬುಟ್ಟೆ. ಒಣಗಿ ಉದುರೋಯ್ತು. ನೀನು ಅತ್ತಿದ್ದು ಇನ್ನೂ ನನ್ ಕಿವೀಲದೆ..."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳೋದಾಗಿದ್ರೆ ಕಟ್ಟೋದ್ಯಾಕೆ?"

ಮೊದಲು ನಕ್ಕವನು ಧರಣೇಶ. "ಅಜ್ಜಿ, ಹಂಗಾದ್ರೆ ನಂಗೆ ಯಾಕಿಲ್ಲ? ಒಂದು ಬೆರಳು ಕಮ್ಮಿ ಕೊಟ್ಟು ಮೋಸ ಮಾಡಿದ್ರಲ್ಲ!"

ಆಗ ಹೇಮಾ ಬಾಯಿ ತೆರೆದಳು.

"ಮಗು ಅರ್ಧ ಗುಣ ತಾಯಿಯಿಂದ, ಅರ್ಧ ತಂದೆಯಿಂದ ತರುತ್ತೆ. ಯಾವುದು ಯಾರಿಗೆ ಸಿಗುತ್ತೆ ಅಂತ ಹೇಳಕ್ಕಾಗಲ್ಲ, ಅದಕ್ಕೇ ಒಂದೇ ಮನೇಲಿ ಹುಟ್ಟಿದವರೂ ಬೇರೆ ಬೇರೆ ಥರ ಇರ್ತಾರೆ. ಇವರಿಗೂ ಅತ್ತೆಯಿಂದ ಆ ಜೀನ್ ಬಂದಿರಬೇಕು. ಕೈಯಲ್ಲಿ ಕಾಣಿಸ್ಲಿಲ್ಲ, ಅಷ್ಟೇ. ಕೆಲವು ಸಲ ಹಾಗೇ ಒಳಗೇ ಇದ್ದು, ಮುಂದಿನ ತಲೆಮಾರಲ್ಲಿ ಕಾಣಿಸ್ಕೊಳ್ಳುತ್ತೆ. ಗ್ರಹಣ ಅಲ್ಲ, ಯಾರ ತಪ್ಪೂ ಅಲ್ಲ..."

ಅಜ್ಜಿ ತಲೆಯಾಡಿಸಿದರು. "ಹಾಸು ಒಬ್ಬರದು, ಹೊಕ್ಕು ಒಬ್ಬರದು ಅನ್ನು. ಜರಿ ಎಳೆ ಸೀರೆ ಅಡೀಲೇ ಹೋಯ್ತಾ ಇರ್ತದೆ, ಕಾಣಕಿಲ್ಲ. ಬುಟ್ಟಾ ಹೂವು ಬರೋ ಜಾಗದಲ್ಲಿ ಮೇಲಕ್ಕೆ ಬತ್ತದೆ!"

ಸರ್ವಮಂಗಳಮ್ಮ ತಮ್ಮ ಬೆರಳಿನ ಗುರುತನ್ನೇ ನೋಡುತ್ತಿದ್ದರು. ಕಣ್ಣೀರು ಅದರ ಮೇಲೇ ಬಿತ್ತು...

ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಇನ್ನೊಂದು ಗ್ಲೌಸನ್ನೂ ತಾವೇ ಕಿತ್ತು ಬಿಸಾಡಿ, ಮಗುವನ್ನು ಎಲ್ಲರೆದುರು ಎತ್ತಿ ಹಿಡಿದರು.

"ನೋಡ್ಕೊಳ್ರಪ್ಪ! ಮೂಗು, ಕಿವಿ ಯಾರಾದ್ರೂ ತಗೊಳ್ಳಿ. ಈ ಬೆರಳು ಮಾತ್ರ ನಂದು!"

ನಗುವಿಗೆ ತೊಟ್ಟಿಲ ಹಗ್ಗವೇ ಅಲುಗಿತೇನೋ!

ಅವರು ಸೊಸೆಯ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಇಷ್ಟೆಲ್ಲ ಗೊತ್ತಿದ್ದೂ ಯಾಕಮ್ಮ ಸುಮ್ನಿದ್ದೆ?"

"ನಿಮ್ಮೆದುರು ಹೇಗೆ ಹೇಳಲಿ ಅತ್ತೆ..."

"ಇನ್ಮೇಲೆ ಹೇಳು. ಸ್ಕೂಲ್ ಮಕ್ಕಳಿಗೆ ಹೇಳ್ತೀಯಲ್ಲ, ಹಂಗೇ ಜೋರಾಗಿ ಹೇಳು."

"ಅಲ್ರೀ, ಮಗೂಗೆ ಹೆಸರು ಇಡೋದೇ ಮರ್ತ್ರಲ್ಲ!" ಎಂದು ಯಾರೋ ಕೂಗಿದರು.

ಹೆಸರು ಉಸುರಲು ಅಜ್ಜಿ ಕಿವಿಯ ಬಳಿ ಬಾಗಿದಾಗ, ಮಗು ಅವರ ತೋರುಬೆರಳನ್ನು ಹಿಡಿದುಕೊಂಡಿತು... ಪೂರ್ತಿ ಕೈಯಿಂದ.

ಮಗುವನ್ನು "ನಮ್ಮದು" ಎನ್ನುವವರು, ಅದು ತಂದ ಪ್ರತಿಯೊಂದು ಎಳೆಯನ್ನೂ ನಮ್ಮದೇ ಎನ್ನಬೇಕು.

ನಿಮ್ಮ ಮನೆಯಲ್ಲಿ ಯಾವ ಮಗುವಿನ ಕೈಗೆ ನೀವು ಇನ್ನೂ ಗ್ಲೌಸು ತೊಡಿಸಿಯೇ ಇಟ್ಟಿದ್ದೀರಿ...?