ಸ್ಪೀಕರ್ ಗುಂಡಿ

ಎಂಟರ್ ಒತ್ತಿದ ಮರುಗಳಿಗೆಯೇ ಪರದೆ ಕಲ್ಲಾಯಿತು. ಹಿರಿಯ ಎಂಜಿನಿಯರ್ ಮತ್ತೆ ಮತ್ತೆ ಒತ್ತಿದ, ಅದು ಜಪ್ಪಯ್ಯ ಅನ್ನಲಿಲ್ಲ. ಎರಡು ಸರ್ವರ್‌ಗಳ ವರ್ಚುವಲ್ ಮೆಷಿನ್‌ಗಳು ಒಂದಕ್ಕೊಂದು ಮಾತಾಡಲೆಂದು, ಮೇಲಿನ ಮಹಡಿಯಲ್ಲಿ ಕೂತೇ ಕೆಳಗಿದ್ದ ಸರ್ವರಿನ ನೆಟ್‌ವರ್ಕ್ ಕಾರ್ಡನ್ನು, ಅವನ್ನು ಬೆಸೆಯುವ ಸಾಫ್ಟ್‌ವೇರ್ ಸೇತುವೆಯಾದ ಬ್ರಿಡ್ಜ್‌ಗೆ ಸೇರಿಸಿದ್ದ. ಮೊದಲು ಕಾರ್ಡಿನ ವಿಳಾಸವನ್ನು ಬ್ರಿಡ್ಜ್‌ಗೆ ಕೊಡಬೇಕಿತ್ತು, ಮರೆತಿದ್ದ. ತಾನು ಒಳಹೋದ ದಾರಿಗೆ ತಾನೇ ಬೇಲಿ ಹಾಕಿಕೊಂಡಂತಾಯಿತು. ಆ ಸರ್ವರ್ ಮೂಲಕ ಹೋಗುತ್ತಿದ್ದ ಆಸ್ಪತ್ರೆಯ ಲ್ಯಾಬ್ ವರದಿಗಳೆಲ್ಲ ಅಲ್ಲಲ್ಲೇ ನಿಂತವು.

ನಿನ್ನೆ ಇದೇ ತಪ್ಪು ಮಾಡಿದ ಸಹೋದ್ಯೋಗಿಗೆ ಅವನು ಫೋನಿನ ಸ್ಪೀಕರ್ ಹಾಕಿ, ಇಡೀ ಆಫೀಸಿಗೆ ಕೇಳುವಂತೆ ಬೈದಿದ್ದ: "ತಲೇಲಿ ಏನು ತುಂಬ್ಕೊಂಡಿದೀಯಮ್ಮಾ?" ಇವತ್ತು ಕೆಳಗೆ ಸರ್ವರ್ ಕೋಣೆಯಲ್ಲಿ ಇದ್ದವಳು ಅವಳೊಬ್ಬಳೇ. ರಿಸೀವರನ್ನು ಕಿವಿಗೆ ಒತ್ತಿಕೊಂಡು ಪಿಸುಗುಟ್ಟಿದ, "ಒಂಚೂರು... ಆ ಸರ್ವರ್ ಹತ್ರ ಹೋಗ್ತೀಯಾ?"

"ಅದರ ಮುಂದೇನೇ ಇದೀನಿ ಸರ್. ನೀವು ಬ್ರಿಡ್ಜ್ ಮುಟ್ತೀರಿ ಅಂತ ಗೊತ್ತಿತ್ತಲ್ಲ, ಸರ್ವರ್‌ಗೇ ನೇರವಾಗಿ ಕೀಬೋರ್ಡ್ ಹಾಕ್ಕೊಂಡು ಕೂತಿದೀನಿ." ಟಕಟಕ ಸದ್ದು ಕೇಳಿಸಿತು. ಪರದೆಗೆ ಜೀವ ಬಂತು. ಅವಳ ದನಿ ತಗ್ಗಿತು: "ಯಾರಾದ್ರೂ ಕೇಳಿದ್ರೆ ಕೇಬಲ್ ಲೂಸಾಗಿತ್ತು ಅಂದ್ಬಿಡಿ, ಆಯ್ತಾ?"

ಸುತ್ತಲಿನ ಮೇಜಿನವರೆಲ್ಲ ಇವನತ್ತಲೇ ನೋಡುತ್ತಿದ್ದರು. ಅವನು ಸ್ಪೀಕರ್ ಗುಂಡಿ ಒತ್ತಿ, ರಿಸೀವರ್ ಕೆಳಗಿಟ್ಟ.

"ಈಗ ಬೈಯಮ್ಮಾ," ಎಂದ. "ನಿನ್ನೆ ನಾನು ಬೈದಷ್ಟೇ ಜೋರಾಗಿ."