ಗುರುತಿನ ಗಂಟು

"ಲೋ, ಮೆಷಿನ್ ಬ್ಯಾಟರಿ ಮುಗೀತಾ ಬಂತು ಕಣೋ!" ಅಪ್ಪನ ಕೋಣೆಯಿಂದ ಅಮ್ಮ ಕೂಗಿದಾಗ ಮಗ ಪಡಸಾಲೆಯಲ್ಲಿ ಸ್ಟೂಲಿನ ಮೇಲೆ ನಿಂತಿದ್ದ. ಚಾವಣಿಗೆ ಹೊಸ ದೀಪ ಹಾಕಲೆಂದು ಮೇನ್ ಆಫ್ ಮಾಡಿ ಹಳೆಯ ಜೋಡಣೆಯನ್ನೆಲ್ಲ ಬಿಚ್ಚಿದ್ದ. ಅಪ್ಪನ ಉಸಿರಾಟದ ಯಂತ್ರಕ್ಕೂ ಕರೆಂಟು ಹೋಗುವುದು ಇಲ್ಲಿಂದಲೇ ಎಂದು ಹೊಳೆಯುವಷ್ಟರಲ್ಲಿ, ತಲೆಯ ಮೇಲೆ ನಾಲ್ಕು ಕೆಂಪು ವೈರುಗಳು ಯಾವುದು ಎಲ್ಲಿಗೆಂದು ತಿಳಿಯದಂತೆ ಜೋತಾಡುತ್ತಿದ್ದವು.

"ಅಪ್ಪಾ, ವೈರಿಂಗ್ ಮಾಡಿದ್ದು ನೀವೇ ಅಲ್ವಾ? ನಿಮ್ಮ ರೂಮಿಗೆ ಯಾವ್ಯಾವ್ದನ್ನ ಸೇರಿಸ್ಲಿ?" ಎಂದು ಗೋಗರೆದ. ತೆರೆದ ಬಾಗಿಲಾಚೆ, ಮಾಸ್ಕಿನೊಳಗೆ ಅಪ್ಪನ ತುಟಿ ಅಲುಗಿತು, ದನಿ ಹೊರಡಲಿಲ್ಲ. ಬೆರಳುಗಳು ಹೊದಿಕೆಯ ಅಂಚನ್ನು ಹಿಡಿದು ಒಂದು ಗಂಟು ಹಾಕಿದವು. ಪಕ್ಕದಲ್ಲೇ ಇನ್ನೊಂದು.

ಮಗ ವೈರುಗಳತ್ತ ತಲೆಯೆತ್ತಿದ: ಜೊತೆ ಸೇರಬೇಕಾದ ಎರಡಕ್ಕೆ ಗಂಟಿನ ಗುರುತು! ಒಂದು ವೈರಿನಲ್ಲಿ ಗಂಟು ಇನ್ನೂ ಇತ್ತು. ಎರಡನೆಯದನ್ನು, ಅಪ್ಪನ ಕೆಲಸವೆಲ್ಲ ಬರೀ ಗೋಜಲು ಎಂದು ಗೊಣಗುತ್ತ, ಈಗಷ್ಟೇ ತಾನೇ ಬಿಚ್ಚಿ ನೀಟಾಗಿ ಎಳೆದಿದ್ದ. ಒಳಗೆ ಯಂತ್ರದ ಸದ್ದು ಕುಗ್ಗುತ್ತಿತ್ತು. ಉಳಿದ ಮೂರರ ಮೇಲೂ ಬೆರಳಾಡಿಸಿದ. ನುಣುಪು. ನುಣುಪು. ಕೊನೆಯದರಲ್ಲಿ ಬೆರಳಿಗೆ ತಾಗಿತು, ಎಷ್ಟು ಎಳೆದರೂ ಹೋಗದ, ಬಿಚ್ಚಿದ ಗಂಟಿನ ಸೊಟ್ಟ ಗುರುತು.

ಎರಡನ್ನೂ ತಿರುಚಿ, ಟೇಪು ಸುತ್ತಿ, "ಅಮ್ಮಾ, ಮೇನ್ ಹಾಕು!" ಎಂದು ಕಿರುಚಿದ. ಹೊಸ ದೀಪ ಡಬ್ಬದಲ್ಲೇ ಇತ್ತು. ಒಳಗೆ ಯಂತ್ರ ಉಸಿರೆಳೆಯಿತು. ಅದರ ಹಿಂದೆಯೇ ಅಪ್ಪ.